ಅರ್ಧ ಗ್ರಾಂ ದಾಟಿದರೆ

ಬೆಂಗಳೂರಿನ ವಿಜಯನಗರದಿಂದ ಕೆಂಗೇರಿಯವರೆಗೆ ಎಲ್ಲಿ ನೋಡಿದರೂ ಕಾಲೇಜು, ಹಾಸ್ಟೆಲು, ಪಿಜಿ. ಇಲ್ಲಿ ಮಕ್ಕಳನ್ನು ಓದಲು ಬಿಟ್ಟ ಹೆತ್ತವರಲ್ಲೂ, ಮಹಡಿ ಮೇಲೆ ರೂಮು ಕಟ್ಟಿ ಬಾಡಿಗೆಗೆ ಕೊಟ್ಟವರಲ್ಲೂ ಒಂದು ನಂಬಿಕೆಯಿದೆ: ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದ ಹುಡುಗ ಸ್ವಂತಕ್ಕೆ ಇಟ್ಟುಕೊಂಡಿದ್ದರೆ ದಂಡ ಕಟ್ಟಿ ಬಿಡಿಸಿಕೊಂಡು ಬರಬಹುದು. ಈ ನಂಬಿಕೆ ಅಪಾಯಕಾರಿ.

ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಬಂದಾಗಿನಿಂದ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಗಾಂಜಾ 1 ಕಿಲೋಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಎಂಡಿಎಂಎಗೆ ಇದೇ ಗೆರೆಗಳು ಅರ್ಧ ಗ್ರಾಂ ಮತ್ತು 10 ಗ್ರಾಂ. ಅಲ್ಪ ಪ್ರಮಾಣಕ್ಕೆ 1 ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20. ನಡುವಿನದಕ್ಕೆ 10 ವರ್ಷದವರೆಗೆ. ಎಂದರೆ ಜೇಬಿನಲ್ಲಿ 1 ಗ್ರಾಂ ಎಂಡಿಎಂಎ ಇಟ್ಟುಕೊಂಡ ವಿದ್ಯಾರ್ಥಿಯೂ 19 ಕಿಲೋ ಗಾಂಜಾ ಸಾಗಿಸುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಮಲಿನ ಪದಾರ್ಥಕ್ಕೆ ಬೇರೇನಾದರೂ ಪುಡಿ ಬೆರೆಸಿದ್ದರೆ ಅದರ ತೂಕವನ್ನೂ ಸೇರಿಸಬೇಕೆಂದು ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ, ಹೊರಬಂದರೂ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನಿಲ್ಲ.

ಮನೆ ಮಾಲೀಕರು ಸೆಕ್ಷನ್ 25 ಓದಬೇಕು. ತನ್ನ ಕೋಣೆಯಲ್ಲಿ ಇಂಥ ಅಪರಾಧ ನಡೆಯುತ್ತಿದೆಯೆಂದು ಗೊತ್ತಿದ್ದೂ ಬಿಟ್ಟರೆ, ಆ ಅಪರಾಧದ ಶಿಕ್ಷೆಯೇ ಮಾಲೀಕರಿಗೂ. ಬಾಡಿಗೆ ತಪ್ಪದೆ ಬರುತ್ತಿದೆಯೆಂದು ಕಣ್ಣುಮುಚ್ಚಿ ಕೂರುವವರು ಇದನ್ನು ನೆನಪಿಡಲಿ.

ಇಷ್ಟು ಬಿಗಿಯಾದ ಕಾಯ್ದೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅದೇ ಸೆಕ್ಷನ್ 64ಎ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ವಿಚಾರಣೆ ನಡೆಯುವುದಿಲ್ಲ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಈ ರಕ್ಷಣೆ ಹೋಗಬಹುದು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಹೆತ್ತವರು ಮೊದಲು ತಿಳಿಯಬೇಕಾದ ಸಾಲು ಇದು. ಮಗ ಬದಲಾಗಿದ್ದಾನೆ ಅನ್ನಿಸಿದ ದಿನವೇ, ನಾಲ್ಕು ಜನ ಏನೆಂದುಕೊಂಡಾರು ಎಂದು ಅಂಜದೆ, ಹೊಸೂರು ರಸ್ತೆಯ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯೂ ಇದೆ: 14446.