ಸೈಕಲ್ಲಿನಲ್ಲಿ ಕಲ್ಲು ಸಾಗಿಸಿ ಕಡಲಲ್ಲಿ ಕಟ್ಟಿದ ಗುಡಿ

ಕೆರಿಬಿಯನ್ನಿನ ಟ್ರಿನಿಡಾಡ್ ಹೆಚ್ಚುಕಡಿಮೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು ದೊಡ್ಡ ದ್ವೀಪ. ಕೆಲಸದ ಮೇಲೆ ಬಂದು ನೆಲೆಸಿದ ನಮ್ಮಂಥ ಸಂಸಾರಗಳಿಗೆ ಇದೊಂದು ದೊಡ್ಡ ಅನುಕೂಲ. ಭಾನುವಾರ ಬೆಳಿಗ್ಗೆ ಹೊರಟರೆ ಎತ್ತ ಹೋದರೂ ರಾತ್ರಿ ಊಟಕ್ಕೆ ಮನೆ ಸೇರಬಹುದು. ಉತ್ತರದ ಬೆಟ್ಟ ಹತ್ತಿ ಇಳಿದರೆ ಮರಾಕಸ್ ಕಡಲತೀರ. ದಕ್ಷಿಣಕ್ಕೆ ಹೋದರೆ ಲಾ ಬ್ರೇಯಾದಲ್ಲಿ ಸುಮಾರು ನೂರು ಎಕರೆಯ ಡಾಂಬರಿನ ಕೆರೆ. ಮೇಲ್ಭಾಗ ಗಟ್ಟಿಯಾಗಿರುವ ಕಡೆ ಅದರ ಮೇಲೆಯೇ ನಡೆದಾಡಬಹುದು. ಸಂಜೆ ಕರೋನಿ ಜೌಗಿನಲ್ಲಿ ದೋಣಿ ಹತ್ತಿದರೆ ಕಡುಗೆಂಪು ಐಬಿಸ್ ಹಕ್ಕಿಗಳು ಹಿಂಡುಹಿಂಡಾಗಿ ಕಾಂಡ್ಲಾ ಗಿಡಗಳಿಗೆ ಮರಳುವುದು ಕಾಣುತ್ತದೆ. ತಿನ್ನುವ ಸಿಗಡಿ, ಏಡಿಗಳಿಂದಲೇ ಅವುಗಳ ರೆಕ್ಕೆಗೆ ಆ ಬಣ್ಣ ಬರುತ್ತದಂತೆ. ಮಕ್ಕಳಿಗೆ ಇದೆಲ್ಲ ಬಲು ಇಷ್ಟ. ಆದರೆ ನಾನು ಹೇಳಹೊರಟಿರುವುದು ಪಶ್ಚಿಮ ಕರಾವಳಿಯ ವಾಟರ್‌ಲೂ ಎಂಬ ಹಳ್ಳಿಯ ಬಗ್ಗೆ, ಅಲ್ಲಿ ಕಡಲೊಳಗೆ ಗುಡಿ ಕಟ್ಟಿದ ಶಿವದಾಸ ಸಾಧುಗಳ ಬಗ್ಗೆ.

ಪೋರ್ಟ್ ಆಫ್ ಸ್ಪೇನ್‌ನಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಮೊದಲು ಚಾಗ್ವಾನಸ್ ಪಟ್ಟಣ ಸಿಗುತ್ತದೆ. ತಿಂಡಿಗೆ ಅಲ್ಲಿ ರಸ್ತೆ ಬದಿಯ ಡಬಲ್ಸ್ ಅಂಗಡಿಯೇ ಆಗಬೇಕು. ಅರಿಶಿನ ಬಣ್ಣದ, ಅಂಗೈಯಗಲದ ಮೆತ್ತನೆಯ ಎರಡು ಬಾರಾಗಳನ್ನು ಕಾಗದದ ಮೇಲೆ ಹಾಸಿ, ಬೆಂದ ಕಡಲೆಯ ಗೊಜ್ಜನ್ನು ಸೌಟಿನಿಂದ ಸುರಿದು, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ ತುರಿ ಹಾಕುತ್ತಾರೆ. ಖಾರ ಎಷ್ಟು ಎಂದು ಕೇಳುವ ಹೊತ್ತಿಗೆ ಕಾಗದದ ಎರಡು ತುದಿ ತಿರುಚಿ ಕೈಗೆ ಕೊಟ್ಟಾಗಿರುತ್ತದೆ. ನಿಂತುಕೊಂಡೇ ತಿನ್ನಬೇಕು. ಇದೇ ಊರಿನ ಮುಖ್ಯರಸ್ತೆಯಲ್ಲಿ ವಿ. ಎಸ್. ನೈಪಾಲರ ತಾಯಿಯ ಮನೆತನದವರು ಕಟ್ಟಿಸಿದ ಬಿಳಿಯ 'ಲಯನ್ ಹೌಸ್' ಇದೆ. ಮುಂದೆ ಕರಪಿಚೈಮಾ ಕಡೆಗೆ ತಿರುಗಿದರೆ ಮನೆಮನೆಯ ಅಂಗಳದಲ್ಲೂ ಬಿದಿರ ಕೋಲಿಗೆ ಕಟ್ಟಿದ ಕೆಂಪು, ಹಳದಿ, ಬಿಳಿ ಝಂಡಿಗಳು. ಪೂಜೆ ಮುಗಿದ ಮೇಲೆ ನೆಟ್ಟ ಬಾವುಟಗಳು ಅವು. ಬಣ್ಣ ನೋಡಿ ಯಾವ ದೇವರ ಪೂಜೆ ನಡೆಯಿತೆಂದು ಹೇಳಿಬಿಡುತ್ತಾರೆ.

1845ರ ಮೇ 30ರಂದು 'ಫತೆಲ್ ರಜಾಕ್' ಎಂಬ ಹಡಗು ಭಾರತದಿಂದ ಮೊದಲ ಒಪ್ಪಂದದ ಕೂಲಿಗಳನ್ನು ಇಲ್ಲಿಗೆ ತಂದಿತು. 1917ರವರೆಗೆ ಹಾಗೆ ಬಂದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಬಂದವರಲ್ಲಿ ಬಹುಪಾಲು ಜನ ಕಬ್ಬಿನ ಗದ್ದೆಗೆ ಇಳಿದರು. ಶಿವದಾಸರು ಅಪ್ಪ ಅಮ್ಮನ ಜೊತೆ ಚಿಕ್ಕ ಹುಡುಗನಾಗಿ ಬಂದವರು. ಮುಂದಿನದನ್ನು ನಮಗೆ ಹೇಳಿದ್ದು ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ. ಇಲ್ಲಿಯವರು ಕರೆಯುವಂತೆ ನನ್ನ ಮಕ್ಕಳೂ ಅವರನ್ನು 'ಆಜಿ' ಎಂದೇ ಕರೆದರು.

ಭಾರತಕ್ಕೆ ಯಾತ್ರೆ ಹೋಗಿಬರುತ್ತಿದ್ದ ಸಾಧುಗಳಿಗೆ ತಮ್ಮ ಊರಲ್ಲೇ ಒಂದು ಗುಡಿ ಕಟ್ಟುವ ಆಸೆ. 1947ರಲ್ಲಿ ಕಡಲ ಅಂಚಿನ ಜಾಗದಲ್ಲಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದು. ಕಂಪನಿ ತೆರವು ಮಾಡಲು ಹೇಳಿತು, ಇವರು ಒಪ್ಪಲಿಲ್ಲ. ವ್ಯಾಜ್ಯ ಕೋರ್ಟಿಗೆ ಹೋಯಿತು. ದಂಡದ ಜೊತೆಗೆ 14 ದಿನ ಜೈಲು. 1952ರಲ್ಲಿ ಗುಡಿಯನ್ನು ಕೆಡವಿಹಾಕಿದರು.

"ದೇವರ ಮನೆ ಕಟ್ಟಿದ್ದಕ್ಕೆ ಜೈಲಾ?" ಎಂದು ನನ್ನ ಮಗಳು ಕೇಳಿದಳು. ಆಜಿ ಅವಳ ತಲೆ ಸವರಿ, "ಆಗ ನೆಲಕ್ಕೆಲ್ಲ ಒಡೆಯರಿದ್ದರು ಮಗಳೇ, ಕಡಲಿಗೆ ಇರಲಿಲ್ಲ" ಅಂದರು.

ಸಾಧುಗಳಿಗೆ ಹೊಳೆದದ್ದೂ ಇದೇ. ನೆಲದಲ್ಲಿ ಬೇಡ ಎಂದರೆ ನೀರಲ್ಲಿ ಕಟ್ಟುತ್ತೇನೆ ಎಂದು ಹೊರಟರು. ವಾಟರ್‌ಲೂ ತೀರ ಆಳವಿಲ್ಲದ್ದು. ಇಳಿತದ ಹೊತ್ತಿಗೆ ನೀರು ಬಹುದೂರ ಹಿಂದೆ ಸರಿದು ಕಪ್ಪು ಕೆಸರು ತೆರೆದುಕೊಳ್ಳುತ್ತದೆ. ಆ ಹೊತ್ತು ನೋಡಿಕೊಂಡು ಸೈಕಲ್ಲಿಗೆ ಬಕೆಟ್ಟು ತೂಗುಹಾಕಿ ಕಲ್ಲು, ಮರಳು, ಸಿಮೆಂಟು ಸಾಗಿಸುತ್ತಿದ್ದರು. ನೀರು ಏರಿದರೆ ಕೆಲಸ ನಿಂತಿತು. ಮತ್ತೆ ಇಳಿತಕ್ಕೆ ಕಾಯಬೇಕು. ಜನ ಹುಚ್ಚ ಎಂದರು. ಹೀಗೆ ಇಪ್ಪತ್ತೈದು ವರ್ಷ ಮಾಡಿದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಒಂದು ಬಕೆಟ್ಟು ಕಲ್ಲನ್ನು ಸೈಕಲ್ಲಿಗೆ ಸಿಕ್ಕಿಸಿ ಆ ಕೆಸರಲ್ಲಿ ತಳ್ಳುವುದೆಂದರೆ ಏನೆಂದು ತಿಳಿಯಬೇಕಾದರೆ ಇಳಿತದಲ್ಲಿ ಹತ್ತು ಹೆಜ್ಜೆ ಇಳಿದು ನೋಡಬೇಕು. ಕಾಲು ಮೀನಖಂಡದವರೆಗೆ ಹೂತುಹೋಗುತ್ತದೆ, ಚಪ್ಪಲಿ ಮೇಲೆ ಬರುವುದಿಲ್ಲ.

ಸಾಧುಗಳು ತೀರಿಕೊಂಡ ಮೇಲೆ ಅಲೆಗಳು ಗುಡಿಯನ್ನು ತಿನ್ನತೊಡಗಿದವು. ಭಾರತೀಯರು ಬಂದು 150 ವರ್ಷವಾದ ನೆನಪಿಗೆ 1995ರಲ್ಲಿ ಸರ್ಕಾರದ ನೆರವಿನಿಂದ ಈಗಿನ ಗುಡಿ ಎದ್ದಿತು. ಎಂಟು ಮೂಲೆಯ ಬಿಳಿ ಕಟ್ಟಡ, ಅಲ್ಲಿಗೆ ನಡೆದು ಹೋಗಲು ಉದ್ದನೆಯ ಕಟ್ಟೆದಾರಿ, ದಡದಲ್ಲಿ ಸಾಧುಗಳ ಪ್ರತಿಮೆ. ಪಕ್ಕದಲ್ಲೇ ಸ್ಮಶಾನ, ಚಿತೆಗಳು ಕಡಲಿಗೆ ಮುಖಮಾಡಿ ಉರಿಯುತ್ತವೆ. ಇಳಿತದಲ್ಲಿ ದಾರಿಯ ಕೆಳಗೆ ಬಗ್ಗಿ ನೋಡಿದರೆ ಕೆಸರಲ್ಲಿ ಅರ್ಧ ಹೂತ ಮಣ್ಣಿನ ಹಣತೆ, ಬಾಡಿದ ಚೆಂಡುಹೂವಿನ ಮಾಲೆ, ಓರೆಯಾಗಿ ನಿಂತ ಝಂಡಿ ಕೋಲುಗಳು, ನಡುವೆ ಓಡಾಡುವ ಪುಟ್ಟ ಏಡಿಗಳು.

ಕರಪಿಚೈಮಾದಲ್ಲಿ ಕನ್ನಡಿಗರಿಗೆ ಇನ್ನೊಂದು ನಂಟೂ ಇದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪ್ರೇರಣೆಯಿಂದ ಬೆಳೆದ ದತ್ತಾತ್ರೇಯ ದೇವಸ್ಥಾನ ಅಲ್ಲಿದೆ. ದಕ್ಷಿಣ ಭಾರತದ ಶೈಲಿಯ ಕಟ್ಟಡ, ಹೊರಗೆ 85 ಅಡಿಯ ಆಂಜನೇಯ. ಮಕ್ಕಳು ಅವನ ಪಾದದ ಬಳಿ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಕಡಲಿನ ಚಿಕ್ಕ ಗುಡಿಗೇ.

ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲಿ ಮುಚ್ಚಿತು, ಸಾವಿರಾರು ಜನರ ಕೆಲಸ ಹೋಯಿತು. ತಲೆಮಾರುಗಳು ಬೆವರು ಸುರಿಸಿದ ಕಬ್ಬಿನ ಗದ್ದೆಗಳಲ್ಲಿ ಈಗ ಪೊದೆ ಬೆಳೆದಿದೆ, ಕೆಲವು ಕಡೆ ಮನೆಗಳೆದ್ದಿವೆ. ಗುಡಿ ಕೆಡವಿಸಿದ ಕಾಲದ ಯಜಮಾನಿಕೆ ಹೋಯಿತು, ಗುಡಿ ಉಳಿಯಿತು. ಅದರ ಕಥೆಯನ್ನು ಎದುರಿಗೆ ಕೂತು ಹೇಳಬಲ್ಲ ಆಜಿಯಂಥವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಹತ್ತಿರದಲ್ಲೇ ಇರುವ ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ ಹಳೆಯ ಪಾತ್ರೆ, ವಾದ್ಯ, ಪಟಗಳನ್ನು ಕಾಪಿಟ್ಟಿದೆ. ಬಾಯಿಮಾತನ್ನೂ ಹಾಗೆಯೇ ಕಾಪಿಡುವ ಕೆಲಸ ಬೇಗ ಆಗಬೇಕು.

ಟ್ರಿನಿಡಾಡ್ ಎಂದರೆ ನಮ್ಮವರಿಗೆ ಕ್ರಿಕೆಟ್. 1976ರಲ್ಲಿ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 406 ರನ್ ಹೊಡೆದು ಗೆದ್ದಾಗ ನಮ್ಮ ವಿಶ್ವನಾಥ್ ಶತಕ ಬಾರಿಸಿದ್ದರು. ಪಂದ್ಯ ನೋಡಲು ಬರುವವರು, ಇಲ್ಲೇ ನೆಲೆಸಿರುವವರು ಒಂದು ಭಾನುವಾರವನ್ನು ವಾಟರ್‌ಲೂಗೆ ಮೀಸಲಿಡಿ. ರಾಜಧಾನಿಯಿಂದ ಕಾರಿನಲ್ಲಿ ಸುಮಾರು ಒಂದು ತಾಸು. ಹೊರಡುವ ಮೊದಲು ಉಬ್ಬರ ಇಳಿತದ ವೇಳೆ ನೋಡಿಕೊಳ್ಳಿ. ಇಳಿತಕ್ಕೆ ತಲುಪಿ ಕೆಸರು ನೋಡಿ, ಉಬ್ಬರ ಬರುವವರೆಗೆ ಕೂತಿರಿ. ಕಟ್ಟೆಯ ಮೇಲೆ ಯಾರಾದರೂ ಹಿರಿಯರಿದ್ದರೆ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ, ಸಾಧುಗಳ ಕಥೆ ಹೇಳಿ ಎಂದು ಕೇಳಿ.