ಹೊನ್ನಾಳಿಯ ಕೂಟ, ಮೈಸೂರಿನ ಸಿಂಹಾಸನ

ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧ ಮೊದಲಾದುದನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ನೇಸ್‌ಬಿಯ ಕಾಳಗ 1645, ಅರಸನ ಶಿರಚ್ಛೇದ 1649, ಇಸವಿಗಳು ಬಾಯಿಪಾಠವಾಗಿವೆ. ಆದರೆ ಬಿಳಿಚೋಡಿನಿಂದ ದಾವಣಗೆರೆಯನ್ನು ದಾಟಿ ಹೋದರೆ ಸಿಕ್ಕುವ ಹೊನ್ನಾಳಿಯ ಸೀಮೆಯಲ್ಲಿ, 1830ರಲ್ಲಿ ಪ್ರಜೆಗಳು ತಮ್ಮ ಅರಸನಿಗೆ ಎದುರಾಗಿ ನಿಂತ ಕಥೆ ಎಷ್ಟು ಮಂದಿಗೆ ತಿಳಿದಿದೆ?

ಮುಮ್ಮಡಿ ಕೃಷ್ಣರಾಜ ಒಡೆಯರು ಪೂರ್ಣಯ್ಯನವರಿಂದ 1811ರಲ್ಲಿ ಅಧಿಕಾರ ವಹಿಸಿಕೊಂಡರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಾಹ ಕಪ್ಪ ಕೊಡಬೇಕು; ಬೊಕ್ಕಸವೋ ಬರಿದಾಗುತ್ತ ಬಂದಿತು. ಆಗ ಬಂದದ್ದು ಶರತ್ತಿನ ಪದ್ಧತಿ. ಇಷ್ಟು ಹಣ ಎತ್ತಿ ಕೊಡುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುವುದು, ಆ ಬಳಿಕ ಅದನ್ನು ರೈತನ ಬೆನ್ನಿನ ಮೇಲೆ ವಸೂಲು ಮಾಡುವುದು. ಶಿವಪ್ಪನಾಯಕನ ಶಿಸ್ತಿನ ನೆನಪು ಮಾಸದ ನಗರದ ಸೀಮೆಯಲ್ಲಿ ಇದು ಸಹ್ಯವಾದೀತೆ?

ರೈತರು ಕೂಟ ಸೇರಿದರು. ಕಂದಾಯ ಕೊಡುವುದಿಲ್ಲವೆಂದರು. ಅವರ ಮೊದಲ ಆಯುಧ ಕತ್ತಿಯಲ್ಲ, ತಡೆಹಿಡಿದ ಹಣ. ಲಂಡನ್ನಿನ ಪಾರ್ಲಿಮೆಂಟು ಹಿಡಿದದ್ದೂ ಇದೇ ಆಯುಧವನ್ನಲ್ಲವೆ!

ಮುಂದೆ ಹೊನ್ನಾಳಿ ಸೀಮೆಯ ಬೂದಿ ಬಸವಪ್ಪನು ತಾನು ಬಿದನೂರು ಅರಸರ ವಂಶದವನೆಂದು ಹೇಳಿಕೊಂಡು ಮುಂದಾಳಾದನು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಎದ್ದನು. ಹಣದ ದೂರಾಗಿದ್ದದ್ದು ಪಟ್ಟದ ಹಕ್ಕಿನ ಹೋರಾಟವಾಯಿತು. ನನ್ನ ಅಭಿಪ್ರಾಯದಲ್ಲಿ ಕೂಟಗಳು ಸೋತದ್ದು ಇಲ್ಲಿಯೇ. ಪಾರ್ಲಿಮೆಂಟಿಗೆ ಲಂಡನ್ನಿನ ಸಿರಿ ಇದ್ದಿತು, ನೌಕಾಬಲವಿದ್ದಿತು. 1645ರಲ್ಲಿ ಸಂಬಳದ ಹೊಸ ಸೈನ್ಯವೂ ಸಿದ್ಧವಾಯಿತು. ನಮ್ಮ ರೈತನಿಗಾದರೋ ಮುಂಗಾರು ಬಿದ್ದರೆ ನೇಗಿಲು ಕರೆಯುತ್ತಿತ್ತು. ಮಲೆನಾಡಿನ ಕಣಿವೆ, ದಟ್ಟ ಕಾಡು, ಇವು ಮಾತ್ರ ಅವನ ಕೋಟೆ.

ಅಷ್ಟೇ ಬಲದಿಂದಲೂ ಮೈಸೂರಿನ ಪಡೆಗಳಿಗೆ ಬಂಡಾಯ ಅಡಗಲಿಲ್ಲ. ಕಂಪನಿಯ ದಂಡು ಬರಬೇಕಾಯಿತು. 1831ರ ಜೂನ್‌ನಲ್ಲಿ ನಗರದ ಕೋಟೆ ಬಿದ್ದಿತು.

ಅರಸನ ತಲೆ ಉಳಿಯಿತು, ಅಧಿಕಾರ ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯಾಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡನು. ವಿಚಾರಣೆಗೆ ನೇಮಿಸಿದ ಸಮಿತಿಯು 1833ರಲ್ಲಿ, ದಂಗೆಯ ಬೇರು ಆಡಳಿತದ ಲೋಪಗಳಲ್ಲಿಯೇ ಇದ್ದಿತೆಂದು ವರದಿಯಿತ್ತಿತು. ಒಡೆಯರು ಅಧಿಕಾರ ಮರಳಿ ಪಡೆಯದೆಯೇ 1868ರಲ್ಲಿ ತೀರಿಕೊಂಡರು. ರಾಜ್ಯವು ಅರಮನೆಗೆ ಹಿಂದಿರುಗಿದ್ದು 1881ರಲ್ಲಿ, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕಾಲಕ್ಕೆ.