ಮೊದಲು ಉಸಿರು ಬಿಡಿ

ಈಜುಕೊಳಕ್ಕೆ ಹೊಸದಾಗಿ ಸೇರಿದ ದೊಡ್ಡವರನ್ನು ಗಮನಿಸಿ. ದಿನಾ ಐದು ಕಿಲೋಮೀಟರ್ ಓಡುವವರು, ಬೆಟ್ಟ ಹತ್ತಿ ಇಳಿಯುವವರು ಕೂಡ ಫ್ರೀಸ್ಟೈಲ್‌ನಲ್ಲಿ 25 ಮೀಟರ್ ಮುಗಿಸುವಷ್ಟರಲ್ಲಿ ಗೋಡೆ ಹಿಡಿದು ನಿಂತು ಏದುಸಿರು ಬಿಡುತ್ತಾರೆ. ಕೈ ನೋಯುತ್ತಿರುವುದಿಲ್ಲ, ಕಾಲು ಸೋತಿರುವುದಿಲ್ಲ. ಗಾಳಿ ಸಾಲುತ್ತಿಲ್ಲ ಅನ್ನುತ್ತಾರೆ. ಸುಧಾರಿಸಿಕೊಂಡು, ಮುಂದಿನ ಸಲ ಇನ್ನೂ ಜೋರಾಗಿ ಉಸಿರೆಳೆದುಕೊಂಡು ಹೊರಡುತ್ತಾರೆ. ಸುಸ್ತು ಇನ್ನೂ ಬೇಗ ಬರುತ್ತದೆ.

ಇವರನ್ನು ಕಾಡುತ್ತಿರುವುದು ಹೊರಗೆ ಹೋಗದೆ ಎದೆಯಲ್ಲೇ ಉಳಿದ ಗಾಳಿ.

ಉಸಿರಾಡಲೇಬೇಕೆಂಬ ಚಡಪಡಿಕೆ ಎಲ್ಲಿಂದ ಹುಟ್ಟುತ್ತದೆ? ಆಮ್ಲಜನಕ ಕಡಿಮೆಯಾದಾಗ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಅವರ ಸಹೋದ್ಯೋಗಿ ಪ್ರೀಸ್ಟ್ಲಿ 1905ರಲ್ಲೇ ಬೇರೆ ಉತ್ತರ ಕೊಟ್ಟರು. ಸಾಮಾನ್ಯ ಸ್ಥಿತಿಯಲ್ಲಿ ನಮ್ಮ ಉಸಿರಾಟದ ಲಗಾಮು ಇರುವುದು ಇಂಗಾಲದ ಡೈಆಕ್ಸೈಡ್‌ನ ಕೈಯಲ್ಲಿ. ಈ ಅನಿಲ ರಕ್ತದಲ್ಲಿ ಕರಗಿ ಅದನ್ನು ಕೊಂಚ ಆಮ್ಲೀಯವಾಗಿಸುತ್ತದೆ. ಮೆದುಳಿನ ಬುಡದಲ್ಲಿರುವ ಜೀವಕೋಶಗಳು ಅಷ್ಟು ಸಣ್ಣ ಬದಲಾವಣೆಯನ್ನೂ ಕೂಡಲೇ ಗುರುತಿಸಿ, ಉಸಿರಾಡು ಎಂದು ಒತ್ತಾಯಿಸುತ್ತವೆ. ಆಮ್ಲಜನಕವನ್ನು ಅಳೆಯುವ ಸಂವೇದಕಗಳು ಕುತ್ತಿಗೆಯ ರಕ್ತನಾಳಗಳ ಬಳಿ ಇವೆ. ಆದರೆ ಅದರ ಮಟ್ಟ ಬಹಳ ಕುಸಿಯುವವರೆಗೆ ಅವು ಹೆಚ್ಚು ಗದ್ದಲ ಮಾಡುವುದಿಲ್ಲ.

ನಾವು ಒಳಗೆಳೆಯುವ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕವಿರುತ್ತದೆ. ಹೊರಬಿಡುವ ಗಾಳಿಯಲ್ಲೂ ಸುಮಾರು ಶೇ 16ರಷ್ಟು ಉಳಿದಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಶೇ 0.04ರಿಂದ ಶೇ 4ರ ಹತ್ತಿರಕ್ಕೆ ಏರಿರುತ್ತದೆ. ಆದ್ದರಿಂದ ನೀರಿನೊಳಗೆ ಉಸಿರು ಕಟ್ಟಿಕೊಂಡು ಎರಡು ಮೂರು ಸಲ ಕೈ ಬೀಸಿದವನಿಗೆ ಎದೆ ಬಿಗಿಯತೊಡಗಿದರೆ ಅವನಲ್ಲಿ ಆಮ್ಲಜನಕ ಖಾಲಿಯಾಗಿದೆ ಎಂದಲ್ಲ. ಅವನು ತಲೆ ಹೊರಗೆ ತೆಗೆದಾಗ ಸಿಗುವುದು ಒಂದು ಸೆಕೆಂಡಿಗೂ ಕಡಿಮೆ ಸಮಯ. ಅಷ್ಟರಲ್ಲೇ ಹಳೆಯ ಗಾಳಿ ಬಿಡಬೇಕು, ಹೊಸದು ಎಳೆಯಬೇಕು. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ, ಎಳೆದದ್ದರಲ್ಲಿ ಒಳಗೆ ಹಿಡಿಯುವುದು ಅತ್ಯಲ್ಪ. ಹೀಗೆ ನಾಲ್ಕು ಸಲವಾದರೆ ದಿಗಿಲು ಖಂಡಿತ.

ಹಾಗಾಗಿ ಫ್ರೀಸ್ಟೈಲ್‌ನ ಮೊದಲ ಪಾಠ ಮುಖ ನೀರಿನಲ್ಲಿರುವಷ್ಟು ಹೊತ್ತೂ ಉಸಿರು ಬಿಡುತ್ತಿರುವುದು. ಮೂಗಿನಿಂದಲೋ ಬಾಯಿಂದಲೋ ಎರಡರಿಂದಲೋ, ಗುಳ್ಳೆಗಳು ಒಂದೇ ಸಮನೆ ಏಳುತ್ತಿರಬೇಕು. ಹೇಳುವಷ್ಟು ಸುಲಭವಲ್ಲ ಇದು, ಏಕೆಂದರೆ ನಮ್ಮ ದೇಹವೇ ಅಡ್ಡ ಬರುತ್ತದೆ. ಮುಖಕ್ಕೆ ತಣ್ಣೀರು ತಾಗಿದ ಕೂಡಲೇ ಅಲ್ಲಿನ ನರಗಳ ಮೂಲಕ ಮೆದುಳಿಗೆ ಸುದ್ದಿ ಹೋಗಿ ಉಸಿರು ತಾನಾಗಿ ನಿಲ್ಲುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಸೀಲ್‌ನಂಥ ಮುಳುಗುವ ಪ್ರಾಣಿಗಳಲ್ಲಿ ಬಲವಾಗಿರುವ ಈ ಪ್ರತಿವರ್ತನೆ ಮನುಷ್ಯರಲ್ಲೂ ಇದೆ. ಇನ್ನೊಂದು ತೊಡಕು: ನೆಲದ ಮೇಲೆ ಆರಾಮವಾಗಿರುವಾಗ ಉಸಿರೆಳೆಯಲು ಮಾತ್ರ ಸ್ನಾಯುಗಳು ದುಡಿಯಬೇಕು, ಬಿಡುವುದು ತಾನೇ ಆಗುತ್ತದೆ. ಈಜುವಾಗ ಬೇಕೆಂದೇ ಬಿಡಬೇಕು. ಜೊತೆಗೆ ಎದೆಯ ಮೇಲೆ ನೀರಿನ ಒತ್ತಡವಿರುವುದರಿಂದ ಎಳೆಯುವ ಕೆಲಸವೂ ನೆಲದ ಮೇಲಿನದಕ್ಕಿಂತ ಭಾರ. ಗಾಬರಿಯಾದವರನ್ನು ಧೈರ್ಯ ಸಾಲದು ಎಂದು ಗದರಿಸುವ ಕೋಚ್‌ಗಳು ಇದನ್ನು ನೆನಪಿಡಬೇಕು. ಆ ಗಾಬರಿಯ ಬಹುಪಾಲು ರಕ್ತದ ರಸಾಯನದಿಂದ ಬಂದದ್ದು.

ಇನ್ನು ತಲೆಯ ವಿಚಾರ. ನಮ್ಮ ಹಳ್ಳಿಗಳ ಬಾವಿ, ಕೆರೆಗಳಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ತಲೆಯನ್ನು ನೀರಿನ ಮೇಲೇ ಇಟ್ಟು ಈಜುತ್ತಾರೆ. ಬಾವಿಗೆ ಅದೇ ಸರಿ. ಕಲ್ಲುಗೋಡೆ ಎಲ್ಲಿದೆ, ಮೇಲಿನಿಂದ ಯಾರು ಹಾರುತ್ತಿದ್ದಾರೆ ಎಂದು ಕಣ್ಣಿಗೆ ಕಾಣುತ್ತಿರಬೇಕು, ಸಾಗುವ ದೂರವೂ ಕಡಿಮೆ. ಉದ್ದದ ಕೊಳದಲ್ಲಿ ಮಾತ್ರ ಆ ಅಭ್ಯಾಸ ದುಬಾರಿ. ಗಾಳಿ ತುಂಬಿದ ಶ್ವಾಸಕೋಶಗಳಿಂದಾಗಿ ಎದೆ ತೇಲುತ್ತದೆ. ದೇಹದ ತೂಕದ ಕೇಂದ್ರವಾದರೋ ಅದಕ್ಕಿಂತ ಕೆಳಗೆ, ಸೊಂಟದ ಕಡೆಗಿದೆ. ಹಾಗಾಗಿ ಕಾಲು ಮುಳುಗುವುದು ಸಹಜ. ಅದರ ಮೇಲೆ, ನೀರಿನಲ್ಲಿ ಹೆಚ್ಚುಕಡಿಮೆ ತೂಕವೇ ಇಲ್ಲದ ನಾಲ್ಕೈದು ಕಿಲೋದ ತಲೆಯನ್ನು ಹೊರಗೆತ್ತಿದರೆ ಸೊಂಟ ಇನ್ನೂ ಕುಸಿಯುತ್ತದೆ. ಕುಸಿದ ದೇಹ ಹೆಚ್ಚು ನೀರನ್ನು ತಳ್ಳಬೇಕು. ಕಾಲು ಜೋರಾಗಿ ಬಡಿದು ಮೇಲೆ ತರಲು ಹೋದರೆ ತೊಡೆಯ ದೊಡ್ಡ ಸ್ನಾಯುಗಳು ಇನ್ನಷ್ಟು ಇಂಗಾಲದ ಡೈಆಕ್ಸೈಡನ್ನು ರಕ್ತಕ್ಕೆ ಸುರಿಯುತ್ತವೆ. ತಪ್ಪಿಸಿಕೊಳ್ಳಲು ಹೊರಟ ಚಡಪಡಿಕೆ ಇಮ್ಮಡಿಯಾಗಿ ಮರಳುತ್ತದೆ.

ತಲೆ ಎತ್ತುವ ಅಗತ್ಯವೇ ಇಲ್ಲ. ಈಜುಗಾರ ಮುಂದೆ ಸಾಗುವಾಗ ಹಣೆಯ ಮುಂದೆ ನೀರು ಉಬ್ಬುತ್ತದೆ, ಅದರ ಬೆನ್ನಿಗೇ ಕೆನ್ನೆಯ ಪಕ್ಕದಲ್ಲಿ ತಗ್ಗಾಗುತ್ತದೆ. ಆ ತಗ್ಗಿನಲ್ಲಿ ಬಾಯಿ, ಸುತ್ತಲ ನೀರಿನ ಮಟ್ಟಕ್ಕಿಂತ ಕೆಳಗಿದ್ದರೂ ಗಾಳಿಗೆ ತೆರೆದಿರುತ್ತದೆ. ನಿಧಾನವಾಗಿ ಈಜುವವರಿಗೆ ಸಿಗುವ ತಗ್ಗು ಚಿಕ್ಕದು, ನಿಜ. ಅವರು ಇಡೀ ಮುಂಡವನ್ನೇ ಪಕ್ಕಕ್ಕೆ ಹೊರಳಿಸಿ ಆ ಕೊರತೆಯನ್ನು ತುಂಬಿಕೊಳ್ಳಬೇಕು. ಬಲಕ್ಕೆ ಉಸಿರಾಡುವುದಾದರೆ ಬಲಗೈ ನೀರನ್ನು ಹಿಂದಕ್ಕೆಳೆದು ತೊಡೆಯ ಬಳಿ ಹೊರಬರುವ ಹೊತ್ತಿಗೆ ಭುಜ ಹೊರಳಿರುತ್ತದೆ, ಮುಖವೂ ಅದರೊಡನೆ ಹೊರಳುತ್ತದೆ. ಎಡಗೈ ಮುಂದೆ ಚಾಚಿಕೊಂಡೇ ಇರಬೇಕು. ಗಾಗಲ್ಸ್‌ನ ಒಂದು ಗಾಜು ನೀರಿನಲ್ಲೇ ಇದ್ದರೆ ತಲೆ ಎತ್ತಿಲ್ಲ ಎಂದು ಖಾತ್ರಿ. ಬಲಗೈ ಮುಂದೆ ನೀರಿಗೆ ಇಳಿಯುವ ಮೊದಲು ಮುಖ ಒಳಗೆ ಹೋಗಿರಬೇಕು.

ಎಷ್ಟು ಸ್ಟ್ರೋಕ್‌ಗೊಮ್ಮೆ ಉಸಿರು? ಮೂರಕ್ಕೊಮ್ಮೆ, ಎರಡೂ ಪಕ್ಕಗಳಲ್ಲಿ ಎಂದು ಹಲವು ಕಡೆ ಕಲಿಸುತ್ತಾರೆ. ದೇಹ ಎರಡೂ ಬದಿಗೆ ಸಮನಾಗಿ ಹೊರಳುವುದನ್ನು ಕಲಿಯಲು ಇದು ಒಳ್ಳೆಯದು. ಆದರೆ ಇದನ್ನು ಕಟ್ಟಳೆ ಮಾಡಿಕೊಂಡು ಒದ್ದಾಡುವುದು ಬೇಡ. ಲಂಡನ್ 2012ರಿಂದ ಪ್ಯಾರಿಸ್ 2024ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ 800 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ ಅಮೆರಿಕದ ಕೇಟಿ ಲೆಡೆಕಿ ಹೆಚ್ಚಾಗಿ ಬಲಗಡೆಯೇ ಉಸಿರಾಡುತ್ತಾರೆ. ದೂರದ ಈಜಿನಲ್ಲಿ ಅನಿಲ ಹೊರಹಾಕುವುದೇ ಮುಖ್ಯ. 50 ಮೀಟರ್ ಸ್ಪರ್ಧಿಗಳು ಒಮ್ಮೆಯೂ ಉಸಿರೆಳೆಯದೆ ಮುಗಿಸುವುದುಂಟು, ಏಕೆಂದರೆ ಅಲ್ಲಿ ಪ್ರತಿ ಹೊರಳಿಕೆಗೂ ವೇಗದಲ್ಲಿ ಬೆಲೆ ತೆರಬೇಕು.

ಅವರನ್ನು ನೋಡಿ ಮಕ್ಕಳು ಉಸಿರು ಕಟ್ಟುವ ಪಂತಕ್ಕೆ ಇಳಿಯುವುದು ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ನೀರಿಗಿಳಿಯುವ ಮುನ್ನ ಬಿರಬಿರನೆ ಹತ್ತಿಪ್ಪತ್ತು ಸಲ ಉಸಿರಾಡಿದರೆ ಹೆಚ್ಚು ಹೊತ್ತು ಮುಳುಗಿರಬಹುದು ಎಂಬುದು ಅವರಿಗೆ ಗೊತ್ತು, ಕಾರಣ ಗೊತ್ತಿಲ್ಲ. ರಕ್ತದ ಹಿಮೋಗ್ಲೋಬಿನ್ ಮೊದಲೇ ಶೇ 97ರ ಆಸುಪಾಸು ಆಮ್ಲಜನಕದಿಂದ ತುಂಬಿರುತ್ತದೆ, ಬಿರುಸಿನ ಉಸಿರಾಟದಿಂದ ಅದಕ್ಕೆ ಸೇರುವುದು ಏನೂ ಇಲ್ಲವೆನ್ನುವಷ್ಟು. ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿದುಹೋಗುತ್ತದೆ. ಎಚ್ಚರಿಸಬೇಕಾದ ಚಡಪಡಿಕೆ ಹುಟ್ಟುವ ಮೊದಲೇ ಮೆದುಳಿಗೆ ಆಮ್ಲಜನಕ ಸಾಲದೆ, ಯಾವ ಮುನ್ಸೂಚನೆಯೂ ಇಲ್ಲದೆ ನೀರಿನಡಿಯಲ್ಲೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಸತ್ತಿದ್ದಾರೆ.

ಕಲಿಯುವವರಿಗೆ ಇಂಥ ಸಾಹಸ ಯಾವುದೂ ಬೇಡ. ಎದೆಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ ಗುಳ್ಳೆ ಬಿಡುವುದು, ಎದ್ದು ಚಿಕ್ಕದಾಗಿ ಎಳೆದು ಮತ್ತೆ ಮುಳುಗುವುದು. ಆಮೇಲೆ ಗೋಡೆ ಹಿಡಿದು ಕಾಲು ಬಡಿಯುತ್ತ ಮುಖವನ್ನು ಪಕ್ಕಕ್ಕೆ ಹೊರಳಿಸುವುದು. ಇದೇ ಲಯದಲ್ಲಿ ಉಸಿರು ಸಲೀಸಾಗುವವರೆಗೆ ಕೈ ಬೀಸುವುದನ್ನು ಕಲಿಯಲು ಅವಸರ ಬೇಡ.